ಕಲಿಕಾ ನ್ಯೂನತೆಯಿರುವ ಮಗನಿಗೆ ಮನೆಪಾಠದ ಶಿಕ್ಷಕರನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಾವು ಅರಸೀಕೆರೆಯಲ್ಲಿದ್ದೇವೆ. ಮಗನಿಗೆ ಒಂಬತ್ತು ವರ್ಷ, ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ನಾಲ್ಕನೇ ತರಗತಿ. ಮಾತಿನಲ್ಲಿ ಬಹಳ ಚುರುಕು, ಒಮ್ಮೆ ಕೇಳಿದ ಕಥೆಯನ್ನು ಏನೂ ಬಿಡದೆ ಹೇಳುತ್ತಾನೆ. ಓದಲು ಬರೆಯಲು ಕೂರಿಸಿದರೆ ಮಾತ್ರ ಅಳು. ಬೇಸಿಗೆ ರಜೆಯಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಾಗ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆಯೆಂದು ವರದಿ ಕೊಟ್ಟರು. ಸಂಜೆ ಎರಡು ಗಂಟೆ ಟ್ಯೂಷನ್‌ಗೆ ಹೋಗುತ್ತಾನೆ. ಅಲ್ಲಿನ ಮಿಸ್ ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಹೇಳುತ್ತಾರೆ. 'ಇವನಿಗೆ ಸೋಮಾರಿತನ, ತಪ್ಪಾದದ್ದನ್ನು ಹತ್ತು ಸಲ ಬರೆಸಿ' ಎನ್ನುತ್ತಾರೆ. ಇಂಥ ಮಗುವಿಗೆ ಕಲಿಸುವವರನ್ನು ಎಲ್ಲಿ ಹುಡುಕಬೇಕು? ಅವರಿಗೆ ನಿಜವಾಗಿ ಕಲಿಸಲು ಬರುತ್ತದೆಯೇ ಎಂದು ತಿಳಿಯುವುದು ಹೇಗೆ? ಆನ್‌ಲೈನ್ ಪಾಠ ಸಾಕೆ? ಈಗಿನ ಟ್ಯೂಷನ್ ಬಿಡಿಸಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು 'ಹತ್ತು ಸಲ ಬರೆಸಿ' ಎಂಬ ಸಲಹೆ. 'ಹಣ್ಣು' ಎಂದು ಬರೆಯಬೇಕಾದಲ್ಲಿ 'ಹಣು' ಎಂದು ಬರೆಯುವ ಹುಡುಗನಿಗೆ ಹತ್ತು ಸಲ ಬರೆಯಲು ಹೇಳಿದರೆ, ಮೊದಲ ಎರಡು ಮೂರು ಸಾಲುಗಳನ್ನು ಮೇಲಿನ ಮಾದರಿ ನೋಡಿಕೊಂಡು ಸರಿಯಾಗಿ ಬರೆಯುತ್ತಾನೆ. ಆಮೇಲೆ ಎಲ್ಲೋ ಒಂದು ಸಾಲಿನಲ್ಲಿ ಒತ್ತು ಬಿಟ್ಟುಹೋಗುತ್ತದೆ. ಅಲ್ಲಿಂದ ಕೆಳಗೆ ಅವನು ನಕಲು ಮಾಡುವುದು ತನ್ನದೇ ತಪ್ಪನ್ನು. ಅಂಥ ಪುಟಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಆ ಟ್ಯೂಷನ್ ಮಿಸ್ ಕೆಟ್ಟವರೆಂದು ಇದರ ಅರ್ಥವಲ್ಲ. ಅವರು ಮಾಡುತ್ತಿರುವುದು ಶಾಲೆಯಲ್ಲಿ ಆದ ಪಾಠವನ್ನು ಇನ್ನೊಮ್ಮೆ ಹೇಳಿ, ಹೋಂವರ್ಕ್ ಮುಗಿಸಿ, ಟೆಸ್ಟಿಗೆ ತಯಾರು ಮಾಡುವ ಕೆಲಸ. ನಿಮ್ಮ ಮಗನಿಗೆ ಬೇಕಾದ ಕೆಲಸವೇ ಬೇರೆ. ಅದಕ್ಕೆ ನಮ್ಮ ಶಿಕ್ಷಣ ಇಲಾಖೆಯ ಭಾಷೆಯಲ್ಲಿ ಪರಿಹಾರ ಬೋಧನೆ ಎನ್ನುತ್ತಾರೆ: ಓದುವುದು ಎಲ್ಲಿ ನಿಂತುಹೋಗಿದೆಯೋ ಆ ಜಾಗವನ್ನು ಹುಡುಕಿ, ಅಲ್ಲಿಂದಲೇ ಮತ್ತೆ ಮೆಟ್ಟಿಲು ಕಟ್ಟಿಕೊಂಡು ಬರುವುದು. ಆ ಜಾಗ ನಾಲ್ಕನೇ ತರಗತಿಯ ಪುಸ್ತಕದಲ್ಲಿ ಸಿಗುವುದಿಲ್ಲ, ಬಹುಶಃ ಒಂದನೇ ತರಗತಿಯದರಲ್ಲಿ ಸಿಗುತ್ತದೆ. ಟ್ಯೂಷನ್ ಹೇಳುವವರೆಲ್ಲರಿಗೂ ಈ ಕೆಲಸ ಬರುವುದಿಲ್ಲ. ಬರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಆದ್ದರಿಂದ ಜನರನ್ನು ಹುಡುಕುವುದಕ್ಕೆ ಮುಂಚೆ ಕೈಯಲ್ಲಿರುವ ವರದಿಯನ್ನು ಸಾವಧಾನವಾಗಿ ಓದಿ. ಹೆಚ್ಚಿನ ಪೋಷಕರು ಕೊನೆಯ ಪುಟದ ಒಂದು ಸಾಲನ್ನು ಓದಿ ಬೀರುವಿನಲ್ಲಿಟ್ಟುಬಿಡುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಬುದ್ಧಿಮಟ್ಟದ ಪರೀಕ್ಷೆಯ ಜೊತೆಗೆ, ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನು ಬಳಸಿ ಓದು, ಬರಹ, ಕಾಗುಣಿತ, ಲೆಕ್ಕ ಇವುಗಳಲ್ಲಿ ಮಗು ಯಾವ ತರಗತಿಯ ಮಟ್ಟದಲ್ಲಿದೆ ಎಂದು ಬಿಡಿಬಿಡಿಯಾಗಿ ಬರೆದಿರುತ್ತಾರೆ. ಶಿಕ್ಷಕರಿಗೆ ಬೇಕಾದ ಮಾಹಿತಿ ಆ ನಡುವಿನ ಪುಟಗಳಲ್ಲಿದೆ. ಕಣ್ಣು ಮತ್ತು ಕಿವಿಯ ತಪಾಸಣೆ ಆಗಿದೆಯೇ, ಗಮನದ ತೊಂದರೆಯ ಬಗ್ಗೆ ಏನಾದರೂ ಬರೆದಿದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಕಲಿಕಾ ನ್ಯೂನತೆಯ ಜೊತೆಗೆ ಗಮನದ ತೊಂದರೆಯೂ ಇರುವ ಮಕ್ಕಳು ಬಹಳ ಮಂದಿ. ಹಾಗಿದ್ದಲ್ಲಿ ಪಾಠದ ಅವಧಿ, ಕೂರುವ ಜಾಗ, ಹೊತ್ತು ಎಲ್ಲವೂ ಬೇರೆಯಾಗಬೇಕಾಗುತ್ತದೆ. ಏನಾದರೂ ಅರ್ಥವಾಗದಿದ್ದರೆ ವರದಿ ಕೊಟ್ಟವರಿಗೇ ಫೋನ್ ಮಾಡಿ ಕೇಳಿ. ಅದನ್ನು ವಿವರಿಸಿ ಹೇಳುವುದೂ ಅವರ ಕೆಲಸದ ಭಾಗ.

ಎಲ್ಲಿ ಹುಡುಕಬೇಕು ಎಂಬುದಕ್ಕೂ ಮೊದಲ ಉತ್ತರ ಅವರೇ. ಪರೀಕ್ಷೆ ಮಾಡಿದ ಮನಶ್ಶಾಸ್ತ್ರಜ್ಞರಿಗೆ ಸಾಮಾನ್ಯವಾಗಿ ಸುತ್ತಲಿನ ಜಿಲ್ಲೆಗಳಲ್ಲಿ ಕೆಲಸ ಮಾಡುವ ವಿಶೇಷ ಶಿಕ್ಷಕರ ಪರಿಚಯವಿರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಇವೆರಡೂ ಸರ್ಕಾರಿ ಸಂಸ್ಥೆಗಳು. ನಿಮ್ಮೂರಿನಿಂದ ಎರಡೂ ಕಡೆಗೆ ನೇರ ರೈಲುಗಳಿವೆ. ಸಂಸ್ಥೆಯ ಹೆಸರಿನಲ್ಲಿ ವಾಕ್ ಮತ್ತು ಶ್ರವಣ ಎಂದಿದೆಯೆಂದು ಅನುಮಾನಿಸಬೇಡಿ: ಓದಿನ ತೊಂದರೆಯ ಬೇರು ಮಾತಿನ ಧ್ವನಿಗಳನ್ನು ಬಿಡಿಸಿ ಗುರುತಿಸುವುದರಲ್ಲೇ ಇರುವುದರಿಂದ ವಾಕ್ ತಜ್ಞರು ಈ ಕ್ಷೇತ್ರದಲ್ಲಿ ಬಹಳ ಕೆಲಸ ಮಾಡುತ್ತಾರೆ. ಇನ್ನು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು, ಅಂದರೆ ಎಲ್ಲರೂ ಬಿಆರ್‌ಸಿ ಎನ್ನುವ ಕಚೇರಿಯನ್ನು, ಮರೆಯಬೇಡಿ. ಸಮನ್ವಯ ಶಿಕ್ಷಣಕ್ಕೆಂದು ನೇಮಿಸಿದ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಕೆಲಸ ಮಾಡುವುದು ಅಲ್ಲಿಂದಲೇ. ಅವರ ಮುಖ್ಯ ಹೊಣೆ ಸರ್ಕಾರಿ ಶಾಲೆಯ ಮಕ್ಕಳದ್ದು, ಹಾಗಾಗಿ ನಿಮ್ಮ ಮಗನಿಗೆ ವಾರಕ್ಕೆ ಮೂರು ದಿನ ಪಾಠ ಹೇಳುತ್ತಾರೆಂದು ಎಣಿಸಬೇಡಿ. ಆದರೆ ತಾಲ್ಲೂಕಿನಲ್ಲಿ ಈ ತರಬೇತಿ ಪಡೆದವರು ಯಾರು, ಯಾವ ಮನೆಯಲ್ಲಿ ಇಂಥ ಮಗುವಿದೆ, ಅವರು ಎಲ್ಲಿಗೆ ಹೋಗುತ್ತಿದ್ದಾರೆ ಎಂಬ ಸುದ್ದಿ ಅವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ.

ಯಾರದಾದರೂ ಹೆಸರು ಸಿಕ್ಕ ಮೇಲೆ ಒಂದು ದಾಖಲೆಯನ್ನು ನೋಡಲೇಬೇಕು. 1992ರ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ಕೇಂದ್ರ ರಿಜಿಸ್ಟರಿನಲ್ಲಿ ಹೆಸರು ನೋಂದಾಯಿಸಿರಬೇಕು; ಅವರಿಗೆ ಸಿಆರ್‌ಆರ್ ನಂಬರ್ ಎಂಬ ಸಂಖ್ಯೆ ಇರುತ್ತದೆ. ಅದನ್ನು ಕೇಳಲು ಸಂಕೋಚ ಬೇಡ. ನೋಂದಣಿಯಿರುವವರು ಕೇಳಿದ ಕೂಡಲೇ ಹೇಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ವಿಶೇಷ ಶಿಕ್ಷಣದ ಬಿ.ಎಡ್. ಪದವಿಯಲ್ಲಿ ಬೇರೆಬೇರೆ ವಿಭಾಗಗಳಿವೆ: ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ ಹೀಗೆ. ಶ್ರವಣದೋಷದ ಮಕ್ಕಳಿಗೆ ಕಲಿಸಲು ತರಬೇತಿ ಪಡೆದವರೂ ನೋಂದಾಯಿತ ವಿಶೇಷ ಶಿಕ್ಷಕರೇ. ಅಷ್ಟರಿಂದಲೇ ಅವರಿಗೆ ಓದಿನ ನ್ಯೂನತೆಯ ಅನುಭವ ಇದೆಯೆಂದು ಹೇಳಲಾಗದು. ಹೀಗಾಗಿ ಪದವಿ ಯಾವುದರಲ್ಲಿ ಎಂದು ಕೇಳಿ, ಆಮೇಲೆ ನಿಮ್ಮ ಮಗನಂಥ ಮಕ್ಕಳಿಗೆ ಎಷ್ಟು ವರ್ಷದಿಂದ ಕಲಿಸುತ್ತಿದ್ದಾರೆ ಎಂದೂ ಕೇಳಿ. ವಾರಾಂತ್ಯದ ಕೋರ್ಸ್ ಮಾಡಿ ಸರ್ಟಿಫಿಕೇಟ್ ತೂಗುಹಾಕಿಕೊಂಡವರಲ್ಲೂ ಒಳ್ಳೆಯವರಿದ್ದಾರೆ, ಆದರೆ ಅವರನ್ನು ಇನ್ನೂ ಎಚ್ಚರದಿಂದ ನೋಡಬೇಕು.

ಹಲವರಿಗೆ ತೋಚುವ ಸುಲಭದ ದಾರಿಯೊಂದಿದೆ: ಶಾಲೆಯ ಕ್ಲಾಸ್ ಟೀಚರನ್ನೇ ಸಂಜೆ ಮನೆಗೆ ಕರೆಸುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವುದನ್ನು ನಿಷೇಧಿಸಿದೆ. ಕಾನೂನಿನ ಮಾತು ಬಿಟ್ಟರೂ, ಹಗಲಿಡೀ ಯಾರ ಮುಂದೆ ತಪ್ಪು ಮಾಡಿ ತಲೆ ತಗ್ಗಿಸಿದ್ದನೋ ಅವರ ಮುಂದೆಯೇ ಸಂಜೆಯೂ ಕೂರುವುದು ಮಗುವಿಗೆ ಕಷ್ಟ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಪದವಿ, ನಂಬರು, ಅನುಭವ ಎಲ್ಲ ಸರಿಯಿದ್ದರೂ, ಒಬ್ಬರನ್ನು ಗೊತ್ತುಮಾಡುವ ಮುಂಚೆ ಅವರು ನಿಮ್ಮ ಮಗನೊಂದಿಗೆ ಮುಕ್ಕಾಲು ಗಂಟೆ ಕೂರಲಿ, ಅದಕ್ಕೆ ಫೀಸು ಕೊಡಿ, ನೀವು ಅದೇ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕುಳಿತು ಒಂದನ್ನು ಮಾತ್ರ ಗಮನಿಸಿ: ಮಗು ತಪ್ಪು ಮಾಡಿದ ಆ ಗಳಿಗೆಯಲ್ಲಿ ಶಿಕ್ಷಕರು ಏನು ಮಾಡುತ್ತಾರೆ?

ಉದಾಹರಣೆಗೆ ಅವರು ಉಕ್ತಲೇಖನ ಕೊಟ್ಟರೆನ್ನಿ. ಹುಡುಗ 'ಹಣ್ಣು' ಎಂಬುದನ್ನು 'ಹಣು' ಎಂದೂ, 'ಕಪ್ಪೆ'ಯನ್ನು 'ಕಪೆ' ಎಂದೂ, 'ಪುಸ್ತಕ'ವನ್ನು 'ಪುಸಕ' ಎಂದೂ, 'ಶಾಲೆ'ಯನ್ನು 'ಶಲೆ' ಎಂದೂ ಬರೆದ. ಕೆಂಪು ಪೆನ್ನಿನಲ್ಲಿ ನಾಲ್ಕಕ್ಕೂ ಸುತ್ತು ಹಾಕಿ ಸರಿಯುತ್ತರ ಬರೆದುಕೊಡುವುದು ಯಾರಿಗಾದರೂ ಬರುತ್ತದೆ. ಬಲ್ಲವರಿಗೆ ಆ ಪುಟ ಬೇರೆಯಾಗಿ ಕಾಣುತ್ತದೆ. ಈ ಹುಡುಗನಿಗೆ ಅಕ್ಷರಗಳು ಗೊತ್ತು, ಅವುಗಳ ಕ್ರಮವೂ ತಪ್ಪಿಲ್ಲ. ಒತ್ತು ಮತ್ತು ದೀರ್ಘ ಮಾತ್ರ ಬಿಟ್ಟುಹೋಗುತ್ತಿವೆ. ಇಂಥವನನ್ನು ಮತ್ತೆ 'ಅ ಆ ಇ ಈ'ಯಿಂದ ಶುರುಮಾಡಿಸಿದರೆ ಅವನಿಗೂ ಅವಮಾನ, ಸಮಯವೂ ದಂಡ. 'ಕಪ್ಪೆ'ಯನ್ನು 'ಪಕೆ' ಎಂದೂ 'ಮರದ' ಎಂಬುದನ್ನು 'ಮದರ' ಎಂದೂ ಬರೆಯುವ ಮಗುವಿನ ತೊಂದರೆ ಬೇರೆ, 'ದ' 'ಧ' 'ಥ'ಗಳಲ್ಲಿ, 'ಪ' 'ಷ' 'ಫ'ಗಳಲ್ಲಿ ತಡವರಿಸುವ ಮಗುವಿನದು ಇನ್ನೂ ಬೇರೆ. 'ಸೂರ್ಯ' ಎಂಬುದನ್ನು 'ಸೂಯರ' ಎಂದು ಓದುವ ಮಕ್ಕಳನ್ನಂತೂ ನಾನು ಬೈಯಲಾರೆ: ಬಾಯಲ್ಲಿ ರಕಾರ ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅರ್ಕಾವೊತ್ತು ಯಕಾರ ಮುಗಿದ ಮೇಲೆ ನಿಲ್ಲುತ್ತದೆ. ನಾವು ದೊಡ್ಡವರು ಅದನ್ನು ಅಭ್ಯಾಸಬಲದಿಂದ ದಾಟಿಬಿಟ್ಟಿದ್ದೇವೆ, ಅಷ್ಟೆ.

'ಹಣು' ಕಂಡ ಮೇಲೆ ಒಳ್ಳೆಯ ಶಿಕ್ಷಕಿ ಒಬ್ಬರು ಏನು ಮಾಡಿದರೆಂದು ನೋಡಿದ್ದನ್ನು ಹೇಳುತ್ತೇನೆ. ಅವರು ತಪ್ಪು ಎನ್ನಲಿಲ್ಲ. 'ನೀನು ಬರೆದದ್ದನ್ನು ಓದು' ಎಂದರು. ಹುಡುಗ 'ಹಣ್ಣು' ಎಂದೇ ಓದಿದ, ಯಾಕೆಂದರೆ ಅವನ ಮನಸ್ಸಿನಲ್ಲಿ ಇದ್ದದ್ದು ಹಣ್ಣೇ. ಆಕೆ ಒತ್ತಿಲ್ಲದೆ 'ಹಣು' ಎಂದು ಓದಿ ತೋರಿಸಿ, 'ಇದನ್ನು ತಿನ್ನುತ್ತೀಯಾ?' ಎಂದು ಕೇಳಿದರು. ಹುಡುಗ ನಕ್ಕ. ಆಮೇಲೆ ಇಬ್ಬರೂ 'ಹಾಲು, ಹಲ್ಲು, ಕಾಲು, ಕಲ್ಲು' ಎಂದು ಮೇಜಿನ ಮೇಲೆ ತಟ್ಟುತ್ತಾ ಹೇಳಿದರು: ಎಳೆದು ಹೇಳುವಲ್ಲಿ ಕೈಯನ್ನು ಮೇಜಿನ ಮೇಲೆ ಜಾರಿಸುವುದು, ಒತ್ತಿ ಹೇಳುವಲ್ಲಿ ಗಕ್ಕನೆ ನಿಲ್ಲಿಸುವುದು. ನಾಲಿಗೆ ಎಲ್ಲಿ ತಡೆದು ನಿಲ್ಲುತ್ತದೆ ಎಂಬುದು ಹುಡುಗನಿಗೆ ತನ್ನ ಬಾಯಲ್ಲೇ ತಿಳಿಯಿತು. ಅದಾದ ಮೇಲೆ ತಟ್ಟೆಯಲ್ಲಿ ಹರಡಿದ್ದ ರವೆಯಲ್ಲಿ ಬೆರಳಿನಿಂದ 'ಣ್ಣು' ಬರೆದು, ಜೋರಾಗಿ ಹೇಳಿ, 'ಕಣ್ಣು', 'ಬೆಣ್ಣೆ' ಬರೆದು, ಕೊನೆಗೆ ಆ ದಿನ ಒಮ್ಮೆಯೂ ಹೇಳದ 'ಸುಣ್ಣ'ವನ್ನು ಬರೆಯಲು ಹೇಳಿದರು. ಬರೆದ. ಬಾಯಿಪಾಠವೋ ಕಲಿಕೆಯೋ ಎಂಬುದು ಗೊತ್ತಾಗುವುದು ಆ ಕೊನೆಯ ಹೊಸ ಪದದಲ್ಲಿ. ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ದುಡಿಸಿ, ಒಂದು ಗಟ್ಟಿಯಾಗುವ ತನಕ ಇನ್ನೊಂದಕ್ಕೆ ಹೋಗದೆ ಕಲಿಸುವ ಈ ಕ್ರಮಕ್ಕೆ ಇಂಗ್ಲಿಷಿನಲ್ಲಿ ಆರ್ಟನ್-ಗಿಲಿಂಗ್‌ಹ್ಯಾಮ್ ಪದ್ಧತಿ ಎಂಬ ಹೆಸರಿದೆ; 1930ರ ದಶಕದಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲಿಂಗ್‌ಹ್ಯಾಮ್ ಅವರ ಕೆಲಸದಿಂದ ಬೆಳೆದದ್ದು. ಆ ಹೆಸರನ್ನು ಹೇಳುವವರೆಲ್ಲ ಅದನ್ನು ಮಾಡುತ್ತಾರೆಂದಲ್ಲ. ಹೆಸರು ಕೇಳದೆಯೂ ಅದನ್ನೇ ಮಾಡುವ ಹಳೆಯ ಕಾಲದ ಒಂದನೇ ತರಗತಿಯ ಮೇಡಂಗಳನ್ನು ನಾನು ಕಂಡಿದ್ದೇನೆ.

ಆ ಮುಕ್ಕಾಲು ಗಂಟೆಯಾದ ಮೇಲೆ ಶಿಕ್ಷಕರನ್ನು ಕೇಳಿ: 'ನಮ್ಮ ಹುಡುಗ ಎಲ್ಲಿ ನಿಂತಿದ್ದಾನೆ? ಮೊದಲ ತಿಂಗಳು ಏನು ಕಲಿಸುತ್ತೀರಿ? ಕಲಿತಿದ್ದಾನೆಂದು ನಮಗೆ ಹೇಗೆ ಗೊತ್ತಾಗುತ್ತದೆ?' ಉತ್ತರ ನಿಮ್ಮ ಮಗನ ಬಗ್ಗೆ ಇರಬೇಕು, ಅವರ ಸಂಸ್ಥೆಯ ಬಗ್ಗೆ ಅಲ್ಲ. ಮೂರು ತಿಂಗಳಲ್ಲಿ ಸರಿಮಾಡಿಕೊಡುತ್ತೇನೆ ಎಂದು ಯಾರಾದರೂ ಖಾತರಿ ಕೊಟ್ಟರೆ ನಮಸ್ಕಾರ ಹೇಳಿ ಎದ್ದುಬನ್ನಿ. ಇದು ಗುಣವಾಗುವ ಕಾಯಿಲೆಯಲ್ಲ. ಕಲಿಕೆಯ ದಾರಿ ಬೇರೆಯಾಗಿರುವ ಸ್ಥಿತಿ, ಸರಿಯಾಗಿ ಕಲಿಸಿದರೆ ಓದು ಬರುತ್ತದೆ, ಆದರೆ ಲೆಕ್ಕ ಹಾಕಬೇಕಾದದ್ದು ವರ್ಷಗಳಲ್ಲಿ. ಕಣ್ಣು ಕಟ್ಟಿಕೊಂಡು ಓದಿಸುವ ಮಿಡ್‌ಬ್ರೈನ್ ಆಕ್ಟಿವೇಷನ್, ಜ್ಞಾಪಕಶಕ್ತಿಯ ಟಾನಿಕ್, ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ, ಇವುಗಳಿಗೆ ದುಡ್ಡು ಸುರಿಯಬೇಡಿ. ಬಣ್ಣದ ಗಾಜಿನಿಂದಾಗಲಿ ಕಣ್ಣಿನ ವ್ಯಾಯಾಮದಿಂದಾಗಲಿ ಡಿಸ್ಲೆಕ್ಸಿಯಾಕ್ಕೆ, ಅಂದರೆ ಓದಿನ ನ್ಯೂನತೆಗೆ, ಉಪಯೋಗವೆಂಬುದಕ್ಕೆ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ. ಅಬಾಕಸ್ ಕಲಿಸಿದರೆ ತೊಂದರೆಯೇನಿಲ್ಲ, ಅದರಿಂದ ಓದು ಬರುವುದಿಲ್ಲ ಎಂಬುದು ನೆನಪಿರಲಿ.

ನಿಮ್ಮ ಮನೆಯ ಸಂದರ್ಭದಲ್ಲಿ ಇನ್ನೊಂದು ತೀರ್ಮಾನವನ್ನು ಶಿಕ್ಷಕರೊಂದಿಗೆ ಮೊದಲೇ ಮಾಡಿಕೊಳ್ಳಬೇಕು: ಯಾವ ಭಾಷೆಯಲ್ಲಿ ಶುರುಮಾಡುವುದು? ಹುಡುಗ ಮಾತಾಡುವುದು ಕನ್ನಡ, ಪಾಠಗಳು ಇಂಗ್ಲಿಷಿನಲ್ಲಿ, ಜೊತೆಗೆ ಹಿಂದಿ ಇದ್ದರೂ ಇರಬಹುದು. ಮೂರು ಲಿಪಿಗಳನ್ನೂ ಒಟ್ಟಿಗೆ ಸರಿಮಾಡಲು ಹೊರಡುವವರು ಒಂದನ್ನೂ ಮುಟ್ಟಿಸುವುದಿಲ್ಲ. ಕನ್ನಡದಲ್ಲಿ ಕಲಿಯಬೇಕಾದ ರೂಪಗಳು ಹೆಚ್ಚು, ಕಾಗುಣಿತ ಮತ್ತು ಒತ್ತಕ್ಷರ ಸೇರಿದರೆ ನೂರಾರು. ಆದರೆ ಬರೆದಂತೆ ಓದುವ ಭರವಸೆಯಿದೆ. ಇಂಗ್ಲಿಷಿನಲ್ಲಿ ಅಕ್ಷರಗಳು ಇಪ್ಪತ್ತಾರೇ, ಆದರೆ ಅವುಗಳ ನಡತೆಗೆ ಗೊತ್ತುಗುರಿಯಿಲ್ಲ. ಹಾಗಾಗಿ ಕನ್ನಡವನ್ನು ನಿಧಾನವಾಗಿಯಾದರೂ ಸರಿಯಾಗಿ ಓದುವ ಹುಡುಗ ಇಂಗ್ಲಿಷಿನಲ್ಲಿ ಪೂರ್ತಿ ಕಂಗಾಲಾಗುವುದುಂಟು. ಪದವನ್ನು ಧ್ವನಿಗಳಾಗಿ ಬಿಡಿಸುವ ಆಟವನ್ನು ಅವನಿಗೆ ಬರುವ ಮಾತಾದ ಕನ್ನಡದಲ್ಲಿ ಬಾಯಲ್ಲೇ ಆಡಿಸಿ, ಶಾಲೆಯ ಒತ್ತಡ ಹೆಚ್ಚಿರುವ ಇಂಗ್ಲಿಷಿನ ಓದನ್ನು ಮೊದಲು ಹಿಡಿಯುವುದು ಇಂಥ ಮಕ್ಕಳಲ್ಲಿ ನಾನು ಸಾಮಾನ್ಯವಾಗಿ ಆರಿಸಿಕೊಳ್ಳುವ ದಾರಿ. ಶಿಪ್ ಎಂಬ ಪದವನ್ನು ಎಸ್-ಐ-ಪಿ ಎಂದು ಬರೆಯುವ ಮಗುವಿಗೆ, ಎಸ್ ಮತ್ತು ಎಚ್ ಸೇರಿ ಒಂದೇ ಧ್ವನಿಯಾಗುತ್ತದೆ ಎಂದು ಯಾರೂ ಬಿಡಿಸಿ ಕಲಿಸಿರುವುದಿಲ್ಲ, ಸ್ಪೆಲ್ಲಿಂಗ್ ಉರುಹೊಡೆಸಿರುತ್ತಾರೆ.

ಅರಸೀಕೆರೆಯಂಥ ಊರಿನಲ್ಲಿ ತರಬೇತಿ ಪಡೆದವರು ಒಬ್ಬರೂ ಸಿಗದೆ ಹೋಗಬಹುದು. ಆಗ ಹೆಚ್ಚಿನವರು ಬೆಂಗಳೂರಿನ ದೊಡ್ಡ ಸೆಂಟರಿಗೆ ವಾರಕ್ಕೊಮ್ಮೆ ಮಗುವನ್ನು ಕರೆದೊಯ್ಯುವ ಯೋಚನೆ ಮಾಡುತ್ತಾರೆ. ಒಂದು ತಾಸಿನ ಪಾಠಕ್ಕೆ ಇಡೀ ದಿನದ ಪ್ರಯಾಣ, ನಡುವಿನ ಆರು ದಿನ ಏನೂ ಇಲ್ಲ. ಇದರಿಂದ ಪ್ರಯೋಜನವಾದದ್ದನ್ನು ನಾನು ಅಷ್ಟಾಗಿ ಕಂಡಿಲ್ಲ. ಅದಕ್ಕಿಂತ ನನಗೆ ಮೆಚ್ಚುಗೆಯಾದ ಏರ್ಪಾಡು ಹೀಗಿದೆ. ನಿಮ್ಮ ಬೀದಿಯಲ್ಲೋ ಪಕ್ಕದ ಬಡಾವಣೆಯಲ್ಲೋ ಬಿ.ಎಡ್. ಅಥವಾ ಡಿ.ಎಡ್. ಮಾಡಿ ಕೆಲಸಕ್ಕೆ ಕಾಯುತ್ತಿರುವ, ತಾಳ್ಮೆಯಿರುವ, ನಿಮ್ಮ ಮಗ ಇಷ್ಟಪಡುವ ಒಬ್ಬರನ್ನು ಹುಡುಕಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೋಂದಾಯಿತ ವಿಶೇಷ ಶಿಕ್ಷಕರೊಬ್ಬರು ಮಗುವನ್ನು ಒಮ್ಮೆ ಎದುರಿಗೆ ನೋಡಿ ಮೂರು ತಿಂಗಳ ಪಾಠದ ಯೋಜನೆ ಬರೆದುಕೊಡಲಿ; ಊರಿನ ಶಿಕ್ಷಕಿ ಅದರಂತೆ ವಾರಕ್ಕೆ ನಾಲ್ಕು ದಿನ ಕಲಿಸಲಿ; ಹದಿನೈದು ದಿನಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಇಬ್ಬರೂ ನೋಟ್‌ಬುಕ್ ಮುಂದಿಟ್ಟುಕೊಂಡು ಮಾತಾಡಲಿ. ಖರ್ಚೂ ಕಡಿಮೆ, ಮಗುವಿಗೆ ಪಾಠವೂ ಹೆಚ್ಚು. ಇದಕ್ಕೆ ಒಪ್ಪುವ ವಿಶೇಷ ಶಿಕ್ಷಕರು ಸಿಗುತ್ತಾರೆ, ಕೇಳಬೇಕಷ್ಟೆ.

ಆನ್‌ಲೈನ್ ಪಾಠದ ಉಪಯೋಗ ನನ್ನ ಮಟ್ಟಿಗೆ ಈ ಮಾರ್ಗದರ್ಶನದಲ್ಲಿ ಹೆಚ್ಚು. ಹನ್ನೆರಡು ಹದಿಮೂರು ವರ್ಷದ, ಒಂದಷ್ಟು ಓದು ಹಿಡಿತಕ್ಕೆ ಬಂದ ಮಗುವಿಗೆ ಪರದೆಯ ಪಾಠ ನಡೆಯುತ್ತದೆ. ಒಂಬತ್ತರ ಹುಡುಗನ ಕೈ ಪೆನ್ಸಿಲನ್ನು ಹೇಗೆ ಹಿಡಿದಿದೆ, ತುಟಿ ಯಾವ ಧ್ವನಿಯಲ್ಲಿ ತಡವರಿಸುತ್ತಿದೆ ಎಂಬುದು ಮೊಬೈಲಿನಲ್ಲಿ ಕಾಣುವುದಿಲ್ಲ. ಬೇರೆ ದಾರಿಯೇ ಇಲ್ಲವೆಂದಾದರೆ ಲ್ಯಾಪ್‌ಟಾಪ್ ಬಳಸಿ, ಪಕ್ಕದಲ್ಲಿ ನೀವು ಕುಳಿತು ಅಕ್ಷರದ ಕಾರ್ಡು ಜೋಡಿಸಿಕೊಡಿ, ಅವಧಿ ಅರ್ಧ ಗಂಟೆ ದಾಟದಿರಲಿ.

ಇನ್ನು ವ್ಯವಹಾರದ ಕೆಲವು ಸಂಗತಿಗಳು. ಎರಡು ಗಂಟೆಯ ಒಂದು ಪಾಠಕ್ಕಿಂತ ನಲವತ್ತು ನಿಮಿಷದ ಮೂರು ಪಾಠ ಮೇಲು. ಶಾಲೆಯಿಂದ ಬಂದ ಮಗು ತಿಂಡಿ ತಿಂದು, ಆಡಿ ಬಂದ ಮೇಲೆಯೇ ಪಾಠ. ಒಬ್ಬರಿಗೆ ಒಬ್ಬರು, ಹೆಚ್ಚೆಂದರೆ ಒಂದೇ ಮಟ್ಟದ ಇಬ್ಬರು ಮಕ್ಕಳು. ತಿಂಗಳ ಕೊನೆಗೆ ಅದೇ ಹತ್ತು ಸಾಲಿನ ಓದನ್ನು ಮಗುವಿನ ದನಿಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಮೂರು ತಿಂಗಳ ನಂತರ ಹಿಂದಿನದನ್ನು ಕೇಳಿದಾಗ, ದಿನದಿನಕ್ಕೆ ಕಾಣದ ಬದಲಾವಣೆ ಕಿವಿಗೆ ಬೀಳುತ್ತದೆ. ಬೀಳದಿದ್ದರೆ ಶಿಕ್ಷಕರೊಂದಿಗೆ ಕೂತು ಯೋಜನೆಯನ್ನು ಬದಲಿಸಬೇಕು. ಯಾರೇ ಬಂದರೂ ಪಾಠ ಮನೆಯ ನಡುಮನೆಯಲ್ಲಿ ಅಥವಾ ಬಾಗಿಲು ತೆರೆದ ಕೋಣೆಯಲ್ಲಿ ನಡೆಯಲಿ. ಇದನ್ನು ಮೊದಲ ದಿನವೇ ಹೇಳಿದರೆ ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ.

ಪಾಠದ ಜೊತೆಗೆ ಕಾಗದಪತ್ರದ ಕೆಲಸವನ್ನೂ ಮುಂದೂಡಬೇಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ನಿಮ್ಮ ಕೈಯಲ್ಲಿರುವುದು ವರದಿ; ಪ್ರಮಾಣಪತ್ರ ಬೇರೆ, ಅದನ್ನು ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರವೇ ಕೊಡಬೇಕು. ಮುಂದೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ರಿಯಾಯಿತಿ ಕೇಳುವಾಗ ಅದು ಬೇಕಾಗುತ್ತದೆ. ವರದಿಯ ಪ್ರತಿಯನ್ನು ಈಗಲೇ ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಎದ್ದುನಿಂತು ಗಟ್ಟಿಯಾಗಿ ಓದುವಂತೆ ಹೇಳಬಾರದು, ಹೋಂವರ್ಕ್ ಅರ್ಧಕ್ಕಿಳಿಸಬೇಕು ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಕೊನೆಯ ಪ್ರಶ್ನೆಗೆ ಉತ್ತರ: ಹೌದು, ಈಗಿನ ಟ್ಯೂಷನ್ ಬಿಡಿಸಿ. ಹೊಸ ಪಾಠವನ್ನು ಇದರ ಮೇಲೆ ಹೇರಿದರೆ ಹುಡುಗ ಎರಡನ್ನೂ ದ್ವೇಷಿಸುತ್ತಾನೆ. ಹೋಂವರ್ಕಿನ ಗತಿಯೇನು ಎಂದು ನೀವು ಕೇಳಬಹುದು. ಸಮಾಜ, ವಿಜ್ಞಾನದ ಪಾಠಗಳನ್ನು ನೀವೇ ಓದಿ ಹೇಳಿ. ಕಥೆಯನ್ನು ಒಮ್ಮೆ ಕೇಳಿ ಹೇಳಬಲ್ಲವನು ಅದನ್ನೂ ಹೇಳುತ್ತಾನೆ. ಉತ್ತರವನ್ನು ಅವನು ಬಾಯಲ್ಲಿ ಹೇಳಲಿ, ಎರಡು ಸಾಲು ಅವನು ಬರೆಯಲಿ, ಉಳಿದದ್ದನ್ನು ನೀವು ಬರೆದು ಕೆಳಗೆ 'ಮಗ ಹೇಳಿದ್ದು, ನಾನು ಬರೆದದ್ದು' ಎಂದು ಸಹಿ ಹಾಕಿ. ಹೊಸ ಶಿಕ್ಷಕರನ್ನು ಮೊದಲ ಸಲ ಕರೆಸಲು ದಸರಾ ರಜೆ ಒಳ್ಳೆಯ ಹೊತ್ತು, ಆಗ ಟೆಸ್ಟೂ ಇರುವುದಿಲ್ಲ, ಡೈರಿಯಲ್ಲಿ ಕೆಂಪು ಗೆರೆಯೂ ಇರುವುದಿಲ್ಲ. ಅವರ ಮುಂದೆ ವರದಿಯ ಪ್ರತಿ, ಹೋದ ವರ್ಷದ ಎರಡು ನೋಟ್‌ಬುಕ್, ಈ ವರ್ಷದ ಒಂದು ಉತ್ತರಪತ್ರಿಕೆ ಇಡಿ. ಅವರು ಮೊದಲು ಕೈಗೆತ್ತಿಕೊಳ್ಳುವುದು ನೋಟ್‌ಬುಕ್ ಆದರೆ ನನಗಂತೂ ಸಮಾಧಾನ.